ಮಡಿಲಿಗೆ ಕೊಡಲಿಲ್ಲ

ಸೋಮವಾರ, ಮಧ್ಯಾಹ್ನ

ನನ್ನಕ್ಕಾ,

ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಡ, ಇದನ್ನಾದರೂ ಓದು. ಮಗು ಈಗಷ್ಟೇ ಕಣ್ಣು ಮುಚ್ಚಿದೆ, ಯಾವಾಗ ಎದ್ದು ಕಿರುಚುತ್ತದೋ ಗೊತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಹಳೇ ಕಾಲದ ಬೇಸಾಯ ತೋರಿಸುವ ಆ ಫಾರ್ಮಿಗೆ ಹೋಗೋಣ ಅಂದವಳು ನೀನು. ಗಾಲಿಕುರ್ಚಿಗೆ ದಾರಿ ಇದೆಯೇ, ಶೌಚಾಲಯದ ಬಾಗಿಲು ಎಷ್ಟು ಅಗಲ, ಎಲ್ಲ ಮೊದಲೇ ವಿಚಾರಿಸಿದವಳೂ ನೀನೇ. ಟಿಕೆಟ್ ಕೊಡುವಾಕೆ ಒರಟು ದಾರಿಗೆಂದೇ ಇಟ್ಟಿದ್ದ ದಪ್ಪ ಗಾಲಿಯ ಕುರ್ಚಿ ತಂದುಕೊಟ್ಟಳು. ನೀನು ಜಲ್ಲಿಯ ಮೇಲೆ ಸರಾಗವಾಗಿ ಹೊರಟೆ. ಮಗುವಿನ ತಳ್ಳುಗಾಡಿ ಸ್ವಲ್ಪ ದೂರಕ್ಕೇ ಹೂತು ಕೂತಿತು, ನಾನು ಮಗುವನ್ನು ಎತ್ತಿಕೊಂಡೆ.

“ನೋಡೇ, ನನ್ನ ಗಾಡಿ ಓಡ್ತಿದೆ, ನಿನ್ನ ಮಗಳ ಗಾಡಿಗೇ ಕಾಲಿಲ್ಲ!” ಎಂದು ನೀನು ನಕ್ಕಿದ್ದಕ್ಕೆ ಟಿಕೆಟಿನವಳೂ ನಕ್ಕಳು. ಆಮೇಲೆ ನೀನು ಎರಡೂ ಕೈ ಚಾಚಿದೆ. “ಕೊಡೇ ಇತ್ತ, ದೊಡ್ಡಮ್ಮನ ತೊಡೆ ಮೇಲೆ ರಾಣಿ ಥರ ಬರ್ಲಿ.”

ನಾನು ಕೊಡಲಿಲ್ಲ. ಇಳಿಜಾರು ಎಂದು ನೆಪ ಹೇಳಿದೆ. ಎಲ್ಲಿದೆ ತೋರಿಸು ಎಂದು ನೀನು ಕೇಳಿದಾಗ ಬಿಸಿಲು ಎಂದೆ. ಕೊನೆಗೆ, ಈ ಕುರ್ಚಿ ನಿನಗೆ ಅಭ್ಯಾಸವಿಲ್ಲ ಎಂದುಬಿಟ್ಟೆ. ಚಿಕ್ಕಂದಿನಲ್ಲಿ ನನ್ನನ್ನೇ ತೊಡೆಯ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ಸುತ್ತಿಸಿದವಳಿಗೆ! ನಿನ್ನ ಕೈ ಮೆಲ್ಲಗೆ ಕೆಳಗಿಳಿಯಿತು.

ಕುರಿದೊಡ್ಡಿಯ ಹತ್ತಿರ, ಮರದ ನೇಗಿಲುಗಳ ಹತ್ತಿರ, ಎಲ್ಲ ಕಡೆ ನೀನು ನನ್ನನ್ನು ಬಿಟ್ಟು ಕುರ್ಚಿಯನ್ನು ಮುಂದೆ ಓಡಿಸಿದೆ. ಹೊರಡುವಾಗ, ನಿನ್ನನ್ನು ಕರೆತಂದಿದ್ದ ವ್ಯಾನಿನವನಿಗೆ, ನನಗೆ ಕೇಳಿಸುವ ಹಾಗೆ, “ಬೇಗ ನಡೀರಿ, ನನ್ನ ನೆರಳು ಆ ಮಗು ಮೇಲೆ ಬಿದ್ದುಗಿದ್ದೀತು” ಅಂದೆ. ಅಷ್ಟು ಹೊತ್ತಿಗೆ ನನ್ನ ತೋಳು ಜೋಮು ಹಿಡಿದಿತ್ತು. ಆದರೂ ಮಗುವನ್ನು ಇಳಿಸಿರಲಿಲ್ಲ.

ಅಕ್ಕನ ಜೊತೆ ಚೆನ್ನಾಗಿತ್ತಾ ಎಂದು ಇವರು ಕೇಳಿದರು. ಚೆನ್ನಾಗಿತ್ತು ಅಂದೆ. ಅಮ್ಮನಿಗೂ ಅದೇ ಉತ್ತರ.

ಬಾಗಿಲಿನ ಮೆಟ್ಟಿಲುಗಳ ದೆಸೆಯಿಂದ ಹೆರಿಗೆಯಾದ ಮೇಲೆ ನೀನು ನಮ್ಮ ಮನೆಗೇ ಬಂದಿಲ್ಲ. ನಾವೂ ಅದರ ಗೋಜಿಗೆ ಹೋಗಲಿಲ್ಲ. ಇವತ್ತು ಎದುರು ಮನೆಯ ಬಡಗಿಯನ್ನು ಕೇಳಿದೆ. ಇಳಿಜಾರು ಹಲಗೆ ಮಾಡಿಕೊಡುತ್ತಾರಂತೆ, ನಿನ್ನ ಕುರ್ಚಿಯ ಅಗಲ ಬೇಕಂತೆ. ಮಾತು ಬಿಟ್ಟಿದ್ದರೂ ಸರಿ, ಅದೊಂದನ್ನು ತಿಳಿಸು.

ಇಂತಿ ನಿನ್ನ ತೊಡೆಯ ಹಳೇ ಹೊರೆ,
ಪುಟ್ಟಿ

ತಾ.ಕ.: ಇಳಿಜಾರು, ಬಿಸಿಲು, ಅಭ್ಯಾಸ ಎಲ್ಲ ಸುಳ್ಳು ಅಕ್ಕಾ. ಮಗುವನ್ನು ನಿನಗೆ ಕೊಟ್ಟು ನನ್ನ ಕೈ ಖಾಲಿಯಾದರೆ, ಆ ಗೇಟು ದಾಟಿ ಒಬ್ಬಳೇ ಹೊರಟುಹೋಗುತ್ತೇನೆ, ತಿರುಗಿಯೂ ನೋಡುವುದಿಲ್ಲ ಅನ್ನಿಸಿತ್ತು. ಅದಕ್ಕೇ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಈಗಲೂ ದಿನಾ ಅನ್ನಿಸುತ್ತದೆ. ಇವರಿಗೆ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ನೀನು ಪಕ್ಕದಲ್ಲಿದ್ದರೆ ಹೇಳಿಯೇನು. ಹಲಗೆ ಆಗುವವರೆಗೆ ಕಾಯಬೇಡ. ಇವರೂ ಬಡಗಿಯೂ ಸೇರಿ ನಿನ್ನನ್ನು ಎತ್ತಿ ಒಳಗೆ ತರುತ್ತಾರೆ. ಯಾರಿಂದಲೂ ಎತ್ತಿಸಿಕೊಳ್ಳುವುದು ನಿನಗೆ ಆಗುವುದಿಲ್ಲ, ಗೊತ್ತು. ಆದರೂ ಬಾ.