ಬಾಯಿಂದ ಅಳೆದ ಗಾಳಿ

ಮೇ 12, ಸಂಜೆ
ಲಕ್ಷ್ಮೇಶ್ವರದ ಗೇಟಿನ ವೆಲ್ಡಿಂಗ್ ಅರ್ಧಕ್ಕೆ ನಿಂತಿತು. ಡೋಣಿ ಊರಿನಿಂದ ಫೋನ್. ನಿನ್ನೆ ಸಂಜೆಯ ಗಾಳಿಗೆ ರೊಟ್ಟಿ ಸಂಘದ ಶೆಡ್ಡಿನ ತಗಡು ಹಾರಿದೆಯಂತೆ. ಹೋದ ವರ್ಷ ನಾನೇ ಕಟ್ಟಿದ್ದು. ರೊಟ್ಟಿ ಬಡಿಯುತ್ತಿದ್ದ ಮಂಜವ್ವನ ಕೈ ಮುರಿದಿದೆ.

ಮೇ 13
ಡೋಣಿಗೆ ಹೋಗಿ ಬಂದೆ. ಏಳು ತಗಡು ಹೊಲದಲ್ಲಿ. ಯಾರೂ ಕೇಳುವ ಮೊದಲೇ ಹೇಳಿಬಿಟ್ಟೆ — "ತಾಸಿಗೆ ನೂರಿಪ್ಪತ್ತು ಕಿಲೋಮೀಟರಿನ ಗಾಳಿ ಇದು. ಯಾವ ಶೆಡ್ಡೂ ತಡಿಯೂದಿಲ್ಲ."
ಅಳೆದವರು ಯಾರು? ನನ್ನ ಬಾಯಿ.
ಸಂಘದ ಖೈರುನಬಿ ತಲೆಯಾಡಿಸಿದರು. "ಹಂಗಂತ ಬರದು ಕೊಡ್ರಿ ಕೊಟ್ರೇಶಣ್ಣಾ, ವಿಮಾದವ್ರಿಗೆ ತೋರಸ್ತೀವಿ." ಬರೆದು ಸಹಿ ಹಾಕಿ ಕೊಟ್ಟೆ.
ಪಕ್ಕದ ಮನೆಯ ಮುದುಕಿ ಸಿದ್ದಲಿಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. "ನನ್ನ ಹೆಂಚು ಒಂದೂ ಸರದಿಲ್ಲಪಾ. ಪಪ್ಪಾಯಿ ಗಿಡನೂ ನಿಂತೈತಿ. ಗಾಳಿ ನಿನ್ನ ತಗಡಷ್ಟ ಹುಡಿಕ್ಕೊಂಡು ಬಂತೇನು?" ನಗುತ್ತಲೇ ಕೇಳಿದಳು. ನಾನು ಹೊಲದಲ್ಲಿ ಬಿದ್ದ ತಗಡಿನ ಕಡೆ ನಡೆದೆ.

ಮೇ 14
ಗೆಳೆಯ ಇಲಿಯಾಸ ಕಪ್ಪತಗುಡ್ಡದ ಮೇಲಿನ ಕರೆಂಟಿನ ಗಾಳಿ ಫ್ಯಾನುಗಳ ಟೆಕ್ನಿಷಿಯನ್. ಆ ಸಂಜೆಯ ರೀಡಿಂಗ್ ಕೇಳಿದೆ.
"ರಪ್ಪಂತ ಬೀಸಿದ್ದು ಅರವತ್ತಾರು. ಅದೂ ಮೂರ ಸೆಕೆಂಡು. ಉಳದಂಗ ಸರಾಸರಿ ಮೂವತ್ತೆಂಟು. ಗುಡ್ಡದ ಮ್ಯಾಲಿನ ಲೆಕ್ಕ ಇದು, ಕೆಳಗ ಇನ್ನೂ ಕಮ್ಮಿ."
"ನೂರಿಪ್ಪತ್ತು ಇರಲಿಕ್ಕಿಲ್ಲೇನು?"
"ಖರೇನ ನೂರಿಪ್ಪತ್ತು ಬಂದ್ರ ಬೇವಿನ ಗಿಡ ಬುಡಸಮೇತ ಬೀಳ್ತಾವ. ಹೆಂಚು ಹಾರ್ತಾವ. ಮೀಟರ್ ಇಲ್ಲದಲ್ಲಿ ಬಿದ್ದದ್ದನ್ನ ನೋಡೇ ಗಾಳಿ ಅಳೀತಾರ. ಏನೇನು ಬಿದ್ದಾವ, ಹೇಳು."
ಬಿದ್ದದ್ದು ನನ್ನ ತಗಡು ಮಾತ್ರ.

ಮೇ 15
ಈ ಡೈರಿಯಲ್ಲಾದರೂ ನಿಜ ಬರೆಯುತ್ತೇನೆ. ಡೋಣಿಯ ತಗಡಿಗೆ ಬೋಲ್ಟ್ ಒಂದು ಬಿಟ್ಟು ಒಂದು ಹಾಕಿದ್ದೆ. ಮರುದಿನವೇ ಉದ್ಘಾಟನೆ, ಗದಗದಿಂದ ಮಾಲು ಬಂದಿರಲಿಲ್ಲ. ಆಮೇಲೆ ಹಾಕಿದರಾಯಿತು ಎಂದುಕೊಂಡೆ... ಆ ಆಮೇಲೆ ಬರಲೇ ಇಲ್ಲ. ಹೆಂಗಸರು ತಗಡಿನ ಮೇಲೆ ಕಲ್ಲು ಹೇರಿದ್ದರು, ನಮ್ಮ ಕಡೆ ಎಲ್ಲರೂ ಹೇರುವಂತೆ. ಫೋಟೋದಲ್ಲಿ ಚೆಂದ ಕಾಣದು ಎಂದು ನಾನೇ ಇಳಿಸಿದೆ.
ಸೊರಟೂರಿನ ಶೆಡ್ಡೂ ಹಾಗೆಯೇ. ಅದೇ ವಾರ ಕಟ್ಟಿದ್ದು. ಅಲ್ಲಿ ಹದಿನಾಲ್ಕು ಹೆಂಗಸರು ರೊಟ್ಟಿ ಬಡಿಯುತ್ತಾರೆ.

ಮೇ 21
ಐದು ದಿನ ಬರೆಯಲಿಲ್ಲ. ಸೊರಟೂರಿಗೂ ಹೋಗಲಿಲ್ಲ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ. ನಾಳೆ ನಮ್ಮ ಕಡೆ ಗಾಳಿ ಅರವತ್ತರವರೆಗೆ ಎಂದು ಟಿವಿಯಲ್ಲಿ. ನನ್ನ ತಗಡು ಹಾರಲು ಅರವತ್ತು ಸಾಕು. ಅದು ನನಗೊಬ್ಬನಿಗೇ ಗೊತ್ತು. ಹೆದರಿಕೆಯಾಗುತ್ತಿದೆ.
ಹೆಂಡತಿಗೆ ಎಲ್ಲ ಹೇಳಿದೆ. ಕಾಂಚನಾ ಒಲೆ ಆರಿಸಿ ಎದುರು ಕೂತಳು. "ಮಂಜವ್ವನ ಕೈ ಮುರದದ್ದು ಗಾಳಿ ಅಲ್ಲ ಅಂದಂಗಾತು. ಮುಂಜಾನೆದ್ದು ಸೊರಟೂರಿಗೆ ಹೋಗ್ರಿ."

ಮೇ 22, ಮಧ್ಯಾಹ್ನ 3
ಸೊರಟೂರು. ಬಿಲ್ ಪುಸ್ತಕದ ಹಿಂದೆ ಬರೆಯುತ್ತಿದ್ದೇನೆ. ಗದಗದಲ್ಲಿ ಬೋಲ್ಟ್ ಸಿಗುವಷ್ಟರಲ್ಲಿ ತಡವಾಯಿತು. ಗಾಳಿ ಎದ್ದಿದೆ, ಈಗ ಮೇಲೆ ಹತ್ತುವಂತಿಲ್ಲ. ಡೋಣಿಗೆ ಫೋನ್ ಮಾಡಿ ವಿಮೆಗೆ ಬರೆದುಕೊಟ್ಟ ಆ ಚೀಟಿ ಹರಿದು ಹಾಕಿ ಎಂದೆ. ಇಲ್ಲಿಯೂ ಎಲ್ಲರ ಮುಂದೆ ಬೋಲ್ಟಿನ ವಿಷಯ ಹೇಳಿದೆ. ಸಂಘದ ಹಿರಿಯಳು ಬಾನುಬಿ ಕೇಳಿದ್ದು ಒಂದೇ — "ಇಷ್ಟ ದಿನ ಯಾಕ ಸುಮ್ನಿದ್ರಿ?"
ಹದಿನಾಲ್ಕೂ ಹೆಂಗಸರನ್ನು ಎದುರಿನ ಗುಡಿಗೆ ಕರೆತಂದೆ. ನುಗ್ಗೆ ಗಿಡದ ಒಂದು ಟೊಂಗೆಯೂ ಮುರಿದಿಲ್ಲ. ಶೆಡ್ಡಿನ ಮೂಲೆಯ ತಗಡು ಆಗಲೇ ಏಳುತ್ತಿದೆ.
ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ. ಹದಿಮೂರು. ನಾದಿದ ಹಿಟ್ಟು ಶೆಡ್ಡಿನೊಳಗೇ ಉಳಿಯಿತು ಎಂದು ಈಗ ತಾನೇ ಯಾರೋ ಅಂದರಲ್ಲ — ಬಾನುಬಿ ಎಲ್ಲಿ