ಉಲ್ಟಾ ಹಾಕಿದ ಹಾಳೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿ,

ನಿನ್ನಪ್ಪ ಎರಡೂ ಕಾಲಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಾನೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ಓದುವಾಗ ನೀನು ಗಾಬರಿಯಾಗಬಾರದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ, ಆಮೇಲೆ ನಾನೂ ಅಳುತ್ತೇನೆ.

ಪಾದದಡಿ ಸಣ್ಣ ಗಾಯ ಅಂದಿದ್ದೆನಲ್ಲ, ಅದು ಸಣ್ಣದಾಗಿರಲಿಲ್ಲ. ಅಂಗಡಿಯಲ್ಲಿ ಬಿದ್ದಿದ್ದ ಗುಂಡುಸೂಜಿ ತುಳಿದೆ. ಸಕ್ಕರೆ ಕಾಯಿಲೆಯ ಕಾಲು, ಚುಚ್ಚಿದ್ದೇ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಕೋಟಿನ ಗುಂಡಿಯಷ್ಟು ಅಗಲ ಕೊಳೆತಿತ್ತು. ತಿಂಗಳುಗಟ್ಟಲೆ ಕಟ್ಟು ಹಾಕಿಸಿಕೊಂಡರೂ ಮುಚ್ಚಲಿಲ್ಲ. ಕೊನೆಗೆ ಡಾಕ್ಟರು, ಪಾದದ ಮುಂಭಾಗ ತೆಗೆಯಬೇಕಾಗಬಹುದು ಅಂದರು. ಮೆಷಿನ್ ತುಳಿದು ಬದುಕುವ ದರ್ಜಿ ನಾನು, ನನ್ನ ಗತಿ ನೀನೇ ಊಹಿಸಿಕೋ.

ಆಗ ಅವರೇ ಗಾಯದ ಮೇಲೆ ಹಾಕುವ ಹೊಸ ಹಾಳೆಯೊಂದರ ಮಾತೆತ್ತಿದರು. ಪ್ರಯೋಗಕ್ಕೆ ಒಪ್ಪುವ ರೋಗಿಗಳು ಬೇಕಂತೆ. ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಎಳೆಗಳು, ಅವುಗಳನ್ನು ಹಿಡಿದುಕೊಂಡು ಹೊಸ ಚರ್ಮ ಹಬ್ಬುತ್ತದೆ, ಎಳೆಗಳು ತಾವೇ ಕರಗಿಹೋಗುತ್ತವೆ ಅಂತ ಅವರು ವಿವರಿಸಿದರು. ನನಗೆ ಅದೆಲ್ಲ ಬಾಯಿಪಾಠ, ಊಟಕ್ಕೆ ಕೂತಾಗಲೆಲ್ಲ ನೀನು ಕೊರೆದದ್ದೇ. ಪೊಟ್ಟಣದ ಮೇಲೆ ನಿಮ್ಮ ಪ್ರಯೋಗಾಲಯದ ಮುದ್ರೆಯೂ ಇತ್ತು. ರೋಗಿಯ ಹೆಸರು ನಿಮಗೆ ಬರುವುದಿಲ್ಲ, ಬರೀ ನಂಬರು ಅಂದರು. ನಾನು ಕೂಡಲೇ ಒಪ್ಪಿಕೊಂಡೆ.

ಮುಂದಿನದಕ್ಕೆ ನಗಬೇಡ. ಹಾಳೆ ಹಾಕಲು ಬಂದ ನರ್ಸಮ್ಮ ಹೊಸಬರು, ಯಾವ ಮಗ್ಗುಲು ಒಳಗೆ ಅಂತ ತಡವರಿಸಿದರು. ನಾನು ಬೆರಳಾಡಿಸಿ ನೋಡಿದೆ. ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು. ಹೊಳಪು ಹೊರಗೆ, ಮಂಕು ಒಳಗೆ, ಜೀವಮಾನವೆಲ್ಲ ಬಟ್ಟೆ ಹೊಲಿದವನಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಅಂತ ಜಂಬ ಕೊಚ್ಚಿದೆ. ಅವರು ನಂಬಿ ಹಾಗೇ ಹಾಕಿದರು. ಮುಂದಿನ ವಾರ ಬಿಚ್ಚಿದರೆ ಹಾಳೆ ಬ್ಯಾಂಡೇಜಿಗೆ ಅಂಟಿಕೊಂಡು ಎದ್ದು ಬಂತು, ಗಾಯ ಇದ್ದ ಹಾಗೇ ಇತ್ತು. ಆಮೇಲೆ ನೀನು ಫೋನ್ ಮಾಡಿ, ಯಾರೋ ಮಹಾನುಭಾವರು ನಮ್ಮ ಹಾಳೆಯನ್ನು ಉಲ್ಟಾ ಹಾಕಿ ಒಂದು ವಾರ ಹಾಳು ಮಾಡಿದ್ದಾರೆ ಅಂತ ಹರಿಹಾಯ್ದೆ. ಎಂಥೆಂಥವರೆಲ್ಲ ಇರುತ್ತಾರಮ್ಮ, ಬಿಡು ಅಂತ ಆ ಮಹಾನುಭಾವನೇ ನಿನಗೆ ಸಮಾಧಾನ ಹೇಳಿದ. ಯಾವ ಮಗ್ಗುಲು ಮೇಲೆ ಅಂತ ಗೊತ್ತಾಗಲು ಈಗ ನೀವು ಹಾಳೆಯ ಮೂಲೆಗೆ ಹಾಕುತ್ತಿರುವ ನೀಲಿ ಚುಕ್ಕೆ ನನ್ನ ಕೊಡುಗೆ, ತಿಳಿದಿರಲಿ.

ಎರಡನೆಯ ಹಾಳೆಯನ್ನು ಡಾಕ್ಟರೇ ಎದುರಿಗೆ ನಿಂತು ಹಾಕಿಸಿದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಈ ಸಲ ಬಿಚ್ಚಿದಾಗ ಗಾಯದ ಅಂಚಿನಿಂದ ತಿಳಿಗೆಂಪು ಚರ್ಮ ಒಳಕ್ಕೆ ಸರಿದಿತ್ತು. ಅದು ವಾರವಾರಕ್ಕೂ ಹಬ್ಬಿ, ಮೊನ್ನೆ ಗಾಯ ಪೂರ್ತಿ ಮುಚ್ಚಿತು. ಸೂಜಿ ಹಿಡಿಯಲು ಕಲಿಯಲಿಲ್ಲ ಅಂತ ನಿನ್ನನ್ನು ಎಷ್ಟು ಬೈದಿದ್ದೆ! ಒಂದು ಹೊಲಿಗೆಯಿಲ್ಲದೆ ಇಷ್ಟು ನಾಜೂಕಾಗಿ ಕೂಡಿಸುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಡಾಕ್ಟರು ಕಾಲು ಉಳಿಯಿತು ಅಂದಾಗ, ಇದು ನನ್ನ ಮಗಳ ಕೆಲಸ ಅಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಪಾದ ಎತ್ತಿ ತೋರಿಸಿ ಅದನ್ನೇ ಹೇಳಿದೆ. ನಿನ್ನಮ್ಮ ನಾನು ಯಾರೋ ಎಂಬಂತೆ ದೂರ ಹೋಗಿ ನಿಂತಳು. ನನ್ನ ಅಂಗಿಯನ್ನು ಎದೆಯ ಹತ್ತಿರ ಸ್ವಲ್ಪ ಸಡಿಲಿಸಬೇಕು ಪುಟ್ಟಿ, ಅಷ್ಟು ಹೆಮ್ಮೆಯಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಕೈಗುಣದಿಂದ ನಡೆದಾಡುತ್ತಿರುವ
ಅಪ್ಪ

ತಾ.ಕ.: ಮೊದಲೇ ಯಾಕೆ ಹೇಳಲಿಲ್ಲ ಅಂತ ಜಗಳ ತೆಗೆಯುತ್ತೀಯ. ನಿನ್ನ ಹಾಳೆ ಹಾಕಿಯೂ ಪಾದ ಹೋಗಿದ್ದರೆ, ನೀನು ಆ ಕೆಲಸವನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಹಾಗೇನಾದರೂ ಆದರೆ ಕಾಲಿನ ಮೇಲೆ ಗಾಡಿ ಹತ್ತಿತು ಅಂತ ನಿನಗೆ ಹೇಳುವುದೆಂದು ನಾನೂ ಅಮ್ಮನೂ ಮಾತಾಡಿಕೊಂಡಿದ್ದೆವು. ಅಮ್ಮ ಬಸ್ಸು ಅಂದಳು. ಸ್ಕೂಟರ್ ಸಾಕು, ಬಸ್ಸು ಅಂದರೆ ಮಗು ಹೆದರಿಕೊಳ್ಳುತ್ತದೆ ಅಂದೆ ನಾನು.