ಮೌಳಂಗಿಯಲ್ಲಿ ತಪ್ಪಿದ ನ್ಯೂಟ್ರಿನೊ

ಫೆಬ್ರವರಿ 8, ಬೆಳಗ್ಗೆ
ದಾಂಡೇಲಿಗೆ ಬಂದರೂ ಶಿಫ್ಟ್ ಬಿಟ್ಟಿಲ್ಲ. ಸಮುದ್ರದ ತಳದಲ್ಲಿರುವ ನಮ್ಮ ಡಿಟೆಕ್ಟರ್‌ಗೆ ಬಾಹ್ಯಾಕಾಶದಿಂದ ಬರುವ ಭಾರಿ ಶಕ್ತಿಯ ಸೂಕ್ಷ್ಮ ಕಣ, ನ್ಯೂಟ್ರಿನೊ, ಸಿಕ್ಕರೆ ನನ್ನ ಫೋನ್ ಕೂಗುತ್ತದೆ. ನಾನು ನೋಡಿ ಹೂಂ ಅಂದರೆ ಟೆಲಿಸ್ಕೋಪ್‌ಗಳು ಅದು ಬಂದ ದಿಕ್ಕಿಗೆ ತಿರುಗುತ್ತವೆ. ಚಹಾ ಮುಗಿಯುವುದರೊಳಗೆ ಎರಡು ಸುಳ್ಳು ಅಲಾರಂ. ತಂಗಿ ರುಕ್ಸಾರಳ ಹೊಸ ಬೀಗರು ಬಂದಿದ್ದಾರೆ. ಹೊಳೆ ದಂಡೆಯ ಮೌಳಂಗಿ ಪಾರ್ಕಿಗೆ ಹೋಗಬೇಕಂತೆ.

ಫೆ. 8, ಸಂಜೆ
ಪಾರ್ಕಿನಲ್ಲಿ ಊಟಕ್ಕೆ ಕೂತಾಗ ಫೋನ್ ಮತ್ತೆ ಕೂಗಿತು. ಸುಳ್ಳೇ. ಬೀಗರು ತಿರುಗಿ ನೋಡಿದರು, ಅಮ್ಮಿಗೆ ಮುಜುಗರ. ಮ್ಯೂಟ್ ಮಾಡಿ ಬ್ಯಾಗಿಗೆ ಹಾಕಿದೆ. ಹೊಳೆಗೆ ಇಳಿದೆವು... ತೆಗೆದು ನೋಡಿದಾಗ ಸಾಲು ಸಾಲು ಮಿಸ್ಡ್ ಕಾಲ್. ನಿಜವಾದದ್ದು ಬಂದು ಹೋಗಿತ್ತು. ಈ ವರ್ಷದ ಅತಿ ದೊಡ್ಡದು.
ಪುಣೆಯಿಂದ ನಮ್ಮ ತಂಡದ ಮುಖ್ಯಸ್ಥ ಮಹಾಬಳೇಶ್ವರ ಸರ್ ಫೋನ್. ಎಲ್ಲಿದ್ದೆ ರಾಹಿಲ ಎಂದರು. ನೆಟ್‌ವರ್ಕ್ ಇರಲಿಲ್ಲ ಸರ್ ಎಂದೆ. ಬಾಯಿಗೆ ತಾನಾಗಿ ಬಂತು.

ಫೆ. 10
ಟೆಲಿಸ್ಕೋಪ್‌ಗಳು ತಡವಾಗಿ ನೋಡಿದವು. ಏನೂ ಇಲ್ಲ. ಅಲ್ಲಿದ್ದ ಬೆಳಕು ಆರಿಹೋಯಿತೋ, ಮೊದಲೇ ಇರಲಿಲ್ಲವೋ — ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಕಾಸ್ಮಿಕ್ ಕಿರಣಗಳು ದಾರಿಯಲ್ಲಿ ಬಾಗಿ ಬರುತ್ತವೆ, ಎಲ್ಲಿಂದ ಹೊರಟವೋ ತಿಳಿಯದು. ಅದೇ ಜಾಗದಲ್ಲಿ ಹುಟ್ಟಿದ ನ್ಯೂಟ್ರಿನೊ ಮಾತ್ರ ನೇರ ಬರುತ್ತದೆ. ನೂರು ವರ್ಷದಿಂದ ಹುಡುಕುತ್ತಿರುವುದು ಆ ಜಾಗವನ್ನೇ. ನಾನು ಹೊಳೆಯಲ್ಲಿ ಕಾಲಾಡಿಸುತ್ತಿದ್ದೆ.
ಸರ್ ಬೈಯಲಿಲ್ಲ. ಕಾಡಿನ ಊರು, ನೀನೇನು ಮಾಡುತ್ತೀ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಫೆ. 17
ಸರ್ ಮೇಲ್ ಬಂತು. ಕಾಡಿನ ಕಡೆ ನೆಟ್‌ವರ್ಕ್ ನಂಬುವಂತಿಲ್ಲವಂತೆ. ದಾಂಡೇಲಿ, ಮುಂಡಗೋಡ ಕಡೆಯಿಂದ ಇನ್ನು ಯಾರಿಗೂ ಶಿಫ್ಟ್ ಇಲ್ಲ. ಮುಂಡಗೋಡ ಎಂದರೆ ಸಹನಾ. ತಂಡಕ್ಕೆ ಹೊಸಬಳು. ತಾಯಿ ಹಾಸಿಗೆ ಹಿಡಿದಿದ್ದಾರೆ, ಊರು ಬಿಡುವಂತಿಲ್ಲ. ಶಿಫ್ಟ್ ಮಾಡದಿದ್ದರೆ ತಂಡದಲ್ಲಿ ಜಾಗವೂ ಇಲ್ಲ.
ಮಧ್ಯಾಹ್ನ ಫೋನ್ ಮಾಡಿದಳು. "ರಾಹಿಲಕ್ಕಾ, ನಮ್ಮೂರಾಗ ನೆಟ್‌ವರ್ಕ್ ಚಲೋ ಐತಿ ಅಂತ ಸರ್‌ಗೆ ಒಂದ್ ಮಾತ ಹೇಳ್ರಿ. ನಿಮ್ಮ ಮಾತ ನಂಬ್ತಾರ."
ನೋಡೋಣ ಎಂದೆ. ನೋಡೋಣ!

ಮಾರ್ಚ್ 2
ಇಷ್ಟು ದಿನ ಬರೆಯಲಾಗಲಿಲ್ಲ. ಸಹನಾಳ ಫೋನ್ ಎತ್ತಲೂ ಇಲ್ಲ. ಇವತ್ತು ಅಬ್ಬಾಗೆ ಎಲ್ಲ ಹೇಳಿದೆ. ಮಿಲ್ಲಿನಿಂದ ಬಂದು ಬೂಟು ಬಿಚ್ಚುತ್ತಿದ್ದರು. ಸಿಟ್ಟು ಬಂದಾಗಲೇ ಅವರು ಮನೆಯಲ್ಲಿ ಉರ್ದು ಬಿಟ್ಟು ಕನ್ನಡ ಆಡುವುದು. "ನೀ ಪಾರಾದಿ. ಆ ಹುಡುಗಿ ಸಿಕ್ಕೊಂಡ್ಲು." ಅಷ್ಟೇ. ಕೈಕಾಲು ತೊಳೆಯಲು ಹೋದರು.

ಮಾರ್ಚ್ 3
ಸರ್‌ಗೆ ನಿಜ ಹೇಳಿದೆ. ಸಹನಾಗೆ ಶಿಫ್ಟ್ ಕೊಡುತ್ತೇನೆ, ನಿನಗೆ ಇಲ್ಲ. ಯಾಕೆ ಅಂತ ಅವಳಿಗೆ ನೀನೇ ಹೇಳು ಎಂದರು.
ಸಂಜೆ ಅವಳದೇ ಮೆಸೇಜು. ಶಿಫ್ಟ್ ಸಿಕ್ಕಿದ್ದು ನನ್ನಿಂದಲೇ ಅಂತೆ. ತಾಯಿಯನ್ನು ಒಂದು ದಿನದ ಮಟ್ಟಿಗೆ ಅತ್ತೆಯ ಹತ್ತಿರ ಬಿಟ್ಟು ನಾಳೆ ಬರುತ್ತಾಳಂತೆ, ಕೆಲಸ ಕಲಿಯಲು.

ಮಾರ್ಚ್ 4
ಸಹನಾ ಬಸ್ಸಿಳಿದು ನೇರ ಬಂದಿದ್ದಾಳೆ. ಹೊರಗೆ ಅಮ್ಮಿಯ ಮುಂದೆ ನನ್ನನ್ನು ಹೊಗಳುತ್ತಿದ್ದಾಳೆ. ಅಮ್ಮಿ ನಗುತ್ತಿದ್ದಾಳೆ. ಆ ಹುಡುಗಿ ಒಳಗೆ ಬಂದು ಕೂರುವ ಮೊದಲೇ ಹೇಳಬೇಕು. ಸಹನಾ, ಅವತ್ತು ನೆಟ್‌ವರ್ಕ್ ಇತ್ತು, ನಾನೇ—